ಬೇಸಿಗೆಯಲ್ಲಿ ಮಾಯವಾಗುತ್ತಿದ್ದ ಪಾಚಿಯನ್ನು ಚಿಪ್ಪಿನೊಳಗೆ ಕಂಡ ಕ್ಯಾಥ್ಲೀನ್ ಡ್ರೂ-ಬೇಕರ್

ಸುಶಿಯನ್ನು ತಿನ್ನದಿದ್ದರೂ ಅದರ ಚಿತ್ರವನ್ನಂತೂ ನೀವು ನೋಡಿರುತ್ತೀರಿ. ಅನ್ನದ ಸುರುಳಿಯ ಸುತ್ತ ಕಾಗದದಷ್ಟು ತೆಳುವಾದ, ಕಡುಹಸಿರು ಬಣ್ಣದ ಹಾಳೆಯೊಂದು ಇರುತ್ತದಲ್ಲ, ಅದರ ಹೆಸರು ನೋರಿ. ಪೋರ್ಫೈರಾ ಎಂಬ ಗುಂಪಿಗೆ ಸೇರಿದ ಕೆಂಪು ಕಡಲಪಾಚಿಯನ್ನು ಕೊಚ್ಚಿ, ಹಾಳೆಯಂತೆ ಹರಡಿ ಒಣಗಿಸಿದರೆ ನೋರಿ ಸಿದ್ಧವಾಗುತ್ತದೆ. ಜಪಾನಿನ ಅಡುಗೆಮನೆಗಳಲ್ಲಿ ಇದು ನಮ್ಮ ಹಪ್ಪಳದಷ್ಟೇ ಸಾಮಾನ್ಯ.

ಆದರೆ ಸುಮಾರು 1950ರವರೆಗೂ ಈ ಪಾಚಿಯನ್ನು ಬೆಳೆಯುತ್ತಿದ್ದ ಯಾರಿಗೂ ಅದರ ಬೀಜ ಎಲ್ಲಿಂದ ಬರುತ್ತದೆ ಎಂಬುದು ತಿಳಿದಿರಲಿಲ್ಲ. ಅದನ್ನು ಕಂಡುಹಿಡಿದವರು ಜಪಾನಿನವರಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ಸಂಬಳವಿಲ್ಲದೆ ಸಂಶೋಧನೆ ಮಾಡುತ್ತಿದ್ದ ಒಬ್ಬ ಸಸ್ಯವಿಜ್ಞಾನಿ. ಅವರು ಜಪಾನ್ ದೇಶಕ್ಕೆ ಒಮ್ಮೆಯೂ ಕಾಲಿಟ್ಟವರಲ್ಲ. ಆದರೂ ಜಪಾನಿನ ಒಂದು ಕಡಲತೀರದಲ್ಲಿ ಅವರ ಸ್ಮಾರಕವಿದೆ, ಪ್ರತಿವರ್ಷ ಅಲ್ಲಿ ಅವರ ನೆನಪಿನ ದಿನ ನಡೆಯುತ್ತದೆ. ಅವರೇ ಕ್ಯಾಥ್ಲೀನ್ ಮೇರಿ ಡ್ರೂ-ಬೇಕರ್.

ಅದೃಷ್ಟದ ಹುಲ್ಲು

ಡ್ರೂ ಅವರ ಕೆಲಸ ಏಕೆ ಮುಖ್ಯ ಎಂದು ಅರಿಯಲು ಮೊದಲು ನೋರಿ ಬೆಳೆಗಾರರ ಕಷ್ಟ ಏನೆಂದು ನೋಡೋಣ.

ಜಪಾನಿನಲ್ಲಿ ನೋರಿ ಕೃಷಿಗೆ ಕೆಲವು ನೂರು ವರ್ಷಗಳ ಇತಿಹಾಸವಿದೆ. ಎಡೋ, ಅಂದರೆ ಇಂದಿನ ಟೋಕಿಯೋ ಕೊಲ್ಲಿಯಲ್ಲಿ, ಸಮುದ್ರ ಹಿಂದೆ ಸರಿದಾಗ ತೆರೆದುಕೊಳ್ಳುವ ಕೆಸರುಬಯಲಿನಲ್ಲಿ ಜನ ಶರತ್ಕಾಲದ ಹೊತ್ತಿಗೆ ಬಿದಿರು ಮತ್ತು ಮರದ ಕೊಂಬೆಗಳನ್ನು ಸಾಲಾಗಿ ನೆಡುತ್ತಿದ್ದರು. ಚಳಿ ಹೆಚ್ಚಿದಂತೆ ಆ ಕೊಂಬೆಗಳ ಮೇಲೆ ತಾನಾಗಿಯೇ ಪಾಚಿ ಕಾಣಿಸಿಕೊಳ್ಳುತ್ತಿತ್ತು. ಅದನ್ನು ಕಿತ್ತು ಒಣಗಿಸಿ ಮಾರುತ್ತಿದ್ದರು. ಮುಂದೆ ಕೊಂಬೆಗಳ ಜಾಗಕ್ಕೆ ಬಲೆಗಳು ಬಂದವು. ಆದರೂ ಮೂಲ ವಿಧಾನ ಬದಲಾಗಲಿಲ್ಲ. ಬಲೆ ಕಟ್ಟುವುದು ಮನುಷ್ಯನ ಕೆಲಸ, ಬೀಜ ತರುವುದು ಕಡಲಿನ ಕೆಲಸ.

ವಸಂತ ಮುಗಿಯುವ ಹೊತ್ತಿಗೆ ಪಾಚಿ ಕೊಳೆತು ಉದುರಿಹೋಗುತ್ತಿತ್ತು. ಬೇಸಿಗೆಯಲ್ಲಿ ಎಲ್ಲಿ ಹುಡುಕಿದರೂ ಅದರ ಸುಳಿವಿಲ್ಲ. ಶರತ್ಕಾಲದಲ್ಲಿ ಮತ್ತೆ ಪ್ರತ್ಯಕ್ಷ. ನಡುವಿನ ಆ ತಿಂಗಳುಗಳಲ್ಲಿ ಅದು ಎಲ್ಲಿತ್ತು? ಯಾವ ರೂಪದಲ್ಲಿತ್ತು? ಯಾರಿಗೂ ಗೊತ್ತಿರಲಿಲ್ಲ. ಒಂದು ವರ್ಷ ಬಲೆ ತುಂಬ ಪಾಚಿ ಬಂದರೆ ಮರುವರ್ಷ ಏನೂ ಬರದೆ ಇರಬಹುದಿತ್ತು. ಹೀಗಾಗಿ ನೋರಿಗೆ ಅದೃಷ್ಟದ ಹುಲ್ಲು ಎಂಬ ಅಡ್ಡಹೆಸರೂ ಇತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಅದೃಷ್ಟ ಕೈಕೊಟ್ಟಿತು. ಚಂಡಮಾರುತಗಳು, ಕೆಡುತ್ತಿದ್ದ ಕಡಲ ನೀರು, ಎಲ್ಲ ಸೇರಿ ನೋರಿ ಬೆಳೆ ನೆಲಕಚ್ಚಿತು. ಬೀಜ ಎಲ್ಲಿಂದ ಬರುತ್ತದೆ ಎಂಬುದೇ ತಿಳಿಯದಿದ್ದರೆ ಬೆಳೆ ತಪ್ಪಿದಾಗ ಮಾಡುವುದಾದರೂ ಏನು? ಮೊದಲೇ ಯುದ್ಧದಿಂದ ಬಸವಳಿದಿದ್ದ ಕಡಲತೀರದ ಕುಟುಂಬಗಳಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು.

ಮ್ಯಾಂಚೆಸ್ಟರ್‌ನ ವಿದ್ಯಾರ್ಥಿನಿ

ಕ್ಯಾಥ್ಲೀನ್ ಡ್ರೂ ಹುಟ್ಟಿದ್ದು 1901ರ ನವೆಂಬರ್ 6ರಂದು, ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತ್ಯದ ಲೀ ಎಂಬ ಊರಿನಲ್ಲಿ. ವಿದ್ಯಾರ್ಥಿವೇತನ ಪಡೆದು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಸಸ್ಯವಿಜ್ಞಾನ ಓದಲು ಸೇರಿದರು. 1922ರಲ್ಲಿ ಪ್ರಥಮ ದರ್ಜೆಯಲ್ಲಿ ಪದವಿ ಪಡೆದರು. ಆ ಕಾಲದಲ್ಲಿ ಅಲ್ಲಿ ಈ ದರ್ಜೆ ಪಡೆದ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ಮರುವರ್ಷ ಸ್ನಾತಕೋತ್ತರ ಪದವಿಯೂ ಆಯಿತು. ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿತು.

ಅವರಿಗೆ ಆಸಕ್ತಿಯಿದ್ದದ್ದು ಹೂಬಿಡುವ ಗಿಡಗಳಲ್ಲಿ ಅಲ್ಲ, ಕೆಂಪು ಪಾಚಿಗಳಲ್ಲಿ. ಕಾಮನ್‌ವೆಲ್ತ್ ಫೆಲೋಶಿಪ್ ದೊರೆತು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಗೆ ಹೋಗಿ ಎರಡು ವರ್ಷ ಕೆಲಸ ಮಾಡಿದರು. ಪಾಚಿಗಳ ಮಾದರಿ ಸಂಗ್ರಹಿಸಲು ಹವಾಯಿ ದ್ವೀಪಗಳಿಗೂ ಹೋಗಿಬಂದರು. ಬರಿಗಣ್ಣಿಗೆ ಕಲ್ಲಿನ ಮೇಲಿನ ಕೆಂಪು ಮಸಿಯಂತೆ ಕಾಣುವ, ಎಳೆ ಎಳೆಯಾಗಿ ಬೆಳೆಯುವ ಸಣ್ಣ ಪಾಚಿಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ವಿಂಗಡಿಸುವ ಕೆಲಸ ಅವರದು. 1928ರಲ್ಲಿ ಪ್ರಕಟವಾದ ಅವರ ಒಂದು ದೊಡ್ಡ ಅಧ್ಯಯನ ಇಂಥ ಪಾಚಿಗಳ ವರ್ಗೀಕರಣದ ಬಗ್ಗೆಯೇ ಇತ್ತು. ಮುಂದೆ ಚಿಪ್ಪಿನೊಳಗಿನ ಎಳೆಯೊಂದನ್ನು ಸರಿಯಾಗಿ ಗುರುತಿಸಲು ಅವರ ಕಣ್ಣು ತಯಾರಾದದ್ದು ಹೀಗೆ.

ಮದುವೆಯಾಯಿತು, ಕೆಲಸ ಹೋಯಿತು

1928ರಲ್ಲಿ ಕ್ಯಾಥ್ಲೀನ್ ಅವರು ಹೆನ್ರಿ ರೈಟ್ ಬೇಕರ್ ಅವರನ್ನು ಮದುವೆಯಾದರು. ಬೇಕರ್ ಎಂಜಿನಿಯರಿಂಗ್ ಕ್ಷೇತ್ರದವರು, ಮ್ಯಾಂಚೆಸ್ಟರ್‌ನಲ್ಲೇ ಪಾಠ ಹೇಳುತ್ತಿದ್ದವರು. ವಿವಾಹಿತ ಮಹಿಳೆಯರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ ಎಂಬುದು ಆಗ ವಿಶ್ವವಿದ್ಯಾಲಯದ ನಿಯಮವಾಗಿತ್ತು. ಗಂಡನ ಹುದ್ದೆ ಉಳಿಯಿತು, ಹೆಂಡತಿಯ ಹುದ್ದೆ ಹೋಯಿತು.

ಇದು ಮ್ಯಾಂಚೆಸ್ಟರ್‌ನ ವಿಚಿತ್ರ ನಿಯಮವೇನೂ ಅಲ್ಲ. ಆ ದಿನಗಳಲ್ಲಿ ಬ್ರಿಟನ್‌ನ ಶಾಲೆಗಳು, ಸರ್ಕಾರಿ ಕಚೇರಿಗಳು, ಬ್ಯಾಂಕುಗಳಲ್ಲೂ ಇಂಥದೇ ಕಟ್ಟಳೆ ಇತ್ತು. ಮದುವೆಯಾದ ಹೆಣ್ಣನ್ನು ಗಂಡ ಸಾಕುತ್ತಾನೆ, ಅವಳಿಗೇಕೆ ಸಂಬಳ ಎಂಬ ಲೆಕ್ಕಾಚಾರ.

ಡ್ರೂ ಪ್ರಯೋಗಾಲಯ ಬಿಡಲಿಲ್ಲ. ಹೂಬಿಡದ ಸಸ್ಯಗಳನ್ನು ಅಧ್ಯಯನ ಮಾಡುವ ವಿಭಾಗದಲ್ಲಿ ಗೌರವ ಸಂಶೋಧಕಿಯಾಗಿ ಉಳಿದುಕೊಂಡರು. ಗೌರವ ಎಂದರೆ ಇಲ್ಲಿ ಬಹುತೇಕ ಸಂಬಳವಿಲ್ಲದ ಎಂದೇ ಅರ್ಥ. ಇಬ್ಬರು ಮಕ್ಕಳಾದರು. ಮನೆ, ಮಕ್ಕಳು, ಪಾಚಿ ಎಲ್ಲವೂ ಜೊತೆಜೊತೆಗೆ ನಡೆಯಿತು. 1939ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯವೇ ಅವರಿಗೆ ಡಾಕ್ಟರ್ ಆಫ್ ಸೈನ್ಸ್ ಪದವಿ ಕೊಟ್ಟಿತು. ತಮ್ಮ ಜೀವನದಲ್ಲಿ ಅವರು ನಲವತ್ತಕ್ಕೂ ಹೆಚ್ಚು ಸಂಶೋಧನಾ ಲೇಖನಗಳನ್ನು ಬರೆದರು.

ಮ್ಯಾಂಚೆಸ್ಟರ್ ಒಳನಾಡಿನ ನಗರ. ಕಡಲ ಪಾಚಿಯನ್ನು ಅಲ್ಲಿ ಜೀವಂತವಾಗಿ ಇಟ್ಟುಕೊಳ್ಳುವುದು ಸುಲಭವಲ್ಲ. ದಿನಕ್ಕೆ ಕೆಲವು ಗಂಟೆ ನೀರಿನೊಳಗೆ, ಕೆಲವು ಗಂಟೆ ಗಾಳಿಯಲ್ಲಿ ಬದುಕುವುದು ಈ ಪಾಚಿಯ ಸ್ವಭಾವ. ಇಲ್ಲಿ ಗಂಡನ ಎಂಜಿನಿಯರಿಂಗ್ ನೆರವಿಗೆ ಬಂತು. ಸಮುದ್ರದ ಉಬ್ಬರ-ಇಳಿತದಂತೆ ನೀರಿನ ಮಟ್ಟ ಏರುತ್ತ ಇಳಿಯುತ್ತ ಇರುವ ತೊಟ್ಟಿಯೊಂದನ್ನು ಬೇಕರ್ ತಯಾರಿಸಿಕೊಟ್ಟರು.

ಚಿಪ್ಪಿನೊಳಗಿನ ಗುಲಾಬಿ ಎಳೆ

ಡ್ರೂ ಅಧ್ಯಯನ ಮಾಡುತ್ತಿದ್ದದ್ದು ಜಪಾನಿನ ನೋರಿಯನ್ನಲ್ಲ, ಅದರ ದಾಯಾದಿಯಾದ ಪೋರ್ಫೈರಾ ಅಂಬಿಲಿಕ್ಯಾಲಿಸ್ ಎಂಬ ಪ್ರಭೇದವನ್ನು. ಬ್ರಿಟನ್‌ನ ಕಡಲತೀರದ ಬಂಡೆಗಳ ಮೇಲೆ ಇದು ಬೆಳೆಯುತ್ತದೆ. ಇದನ್ನು ಲೇವರ್ ಎಂದು ಕರೆಯುತ್ತಾರೆ. ವೇಲ್ಸ್‌ನ ಜನ ಇದನ್ನು ಗಂಟೆಗಟ್ಟಲೆ ಬೇಯಿಸಿ, ಅರೆದು, ಓಟ್ಸ್ ಜೊತೆ ಸೇರಿಸಿ ಹುರಿದು ತಿನ್ನುತ್ತಾರೆ.

ಈ ಪಾಚಿಯ ಎಲೆಯಂಥ ಭಾಗ ಬೀಜಕಣಗಳನ್ನು ಉದುರಿಸುತ್ತದೆ ಎಂಬುದು ವಿಜ್ಞಾನಿಗಳಿಗೆ ಗೊತ್ತಿತ್ತು. ಆ ಕಣಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ಸಣಕಲು ಎಳೆಗಳು ಹೊರಡುತ್ತಿದ್ದವು. ಅವು ಎಲೆಯ ರೂಪಕ್ಕೆ ಬರುತ್ತಲೇ ಇರಲಿಲ್ಲ. ಹಾಗಾದರೆ ಈ ಎಳೆಗಳಿಗೆ ಏನು ಬೇಕು?

ಡ್ರೂ ಅವುಗಳಿಗೆ ಚಿಪ್ಪು ಕೊಟ್ಟು ನೋಡಿದರು. ಸತ್ತ ಕಡಲಜೀವಿಗಳ ಖಾಲಿ ಚಿಪ್ಪು. ಎಳೆಗಳು ಚಿಪ್ಪಿನ ಸುಣ್ಣವನ್ನು ಕೊರೆದು ಒಳಗೆ ಇಳಿದವು. ಅಲ್ಲಿ ಕವಲೊಡೆದು ಚೆನ್ನಾಗಿ ಬೆಳೆದವು. ಚಿಪ್ಪಿನ ಮೇಲೆ ಗುಲಾಬಿ ಬಣ್ಣದ ಮಚ್ಚೆಗಳು ಮೂಡಿದವು.

ಈ ಮಚ್ಚೆ ವಿಜ್ಞಾನಕ್ಕೆ ಹೊಸದಾಗಿರಲಿಲ್ಲ. 1892ರಲ್ಲೇ ಬ್ರಿಟನ್‌ನ ಪಾಚಿತಜ್ಞ ಬ್ಯಾಟರ್ಸ್ ಅವರು ಚಿಪ್ಪಿನೊಳಗೆ ಬದುಕುವ ಈ ಸೂಕ್ಷ್ಮಪಾಚಿಯನ್ನು ವಿವರಿಸಿ, ಅದಕ್ಕೆ ಕಾಂಕೋಸೆಲಿಸ್ ರೋಸಿಯಾ ಎಂದು ಹೆಸರಿಟ್ಟಿದ್ದರು. ಸುಮಾರು 57 ವರ್ಷ ಅದು ಬೇರೆಯೇ ಒಂದು ಜೀವಿ ಎಂದು ಪುಸ್ತಕಗಳಲ್ಲಿ ಉಳಿದಿತ್ತು. ತಮ್ಮ ಚಿಪ್ಪಿನಲ್ಲಿ ಬೆಳೆದಿರುವುದೂ ಅದೇ ಎಂದು ಡ್ರೂ ಗುರುತಿಸಿದರು. ಎಂದರೆ ಪೋರ್ಫೈರಾ ಮತ್ತು ಕಾಂಕೋಸೆಲಿಸ್ ಎರಡು ಜೀವಿಗಳಲ್ಲ. ಒಂದೇ ಜೀವಿಯ ಎರಡು ಹಂತಗಳು. ಕಂಬಳಿಹುಳುವಿಗೂ ಚಿಟ್ಟೆಗೂ ಬೇರೆ ಬೇರೆ ಹೆಸರಿಟ್ಟು ಬೇರೆ ಬೇರೆ ಪ್ರಾಣಿಗಳೆಂದು ನಂಬಿದ್ದರೆ ಹೇಗಿರುತ್ತಿತ್ತೋ, ಇದೂ ಹಾಗೆಯೇ.

1949ರ ಅಕ್ಟೋಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಈ ಸಂಗತಿ ಒಂದು ಪುಟ್ಟ ಲೇಖನವಾಗಿ ಪ್ರಕಟವಾಯಿತು.

ಈಗ ನಮಗೆ ತಿಳಿದಿರುವ ಪೂರ್ಣ ಚಿತ್ರ ಹೀಗಿದೆ. ಚಳಿಗಾಲದಲ್ಲಿ ಎಲೆಯ ರೂಪದ ಪಾಚಿ ಬೆಳೆಯುತ್ತದೆ. ವಸಂತದ ಹೊತ್ತಿಗೆ ಅದು ಬೀಜಕಣಗಳನ್ನು ಬಿಡುತ್ತದೆ. ಅವು ಕಡಲ ತಳದ ಚಿಪ್ಪುಗಳೊಳಗೆ ಹೊಕ್ಕು, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಾಗಿ ಬೇಸಿಗೆ ಕಳೆಯುತ್ತವೆ. ಚಿಪ್ಪಿನ ಪದರದ ಮೂಲಕ ಇಳಿದುಬರುವ ಮಂದ ಬೆಳಕು ಅವಕ್ಕೆ ಸಾಕು. ಅವುಗಳ ಕೆಂಪು ವರ್ಣದ್ರವ್ಯ ನೀರಿನಾಳದ ನೀಲಿ-ಹಸಿರು ಬೆಳಕನ್ನೂ ಹಿಡಿದು ಬಳಸಬಲ್ಲದು. ಶರತ್ಕಾಲದಲ್ಲಿ ಹಗಲು ಕಿರಿದಾಗಿ ನೀರು ತಣಿದಾಗ, ಚಿಪ್ಪಿನೊಳಗಿನ ಎಳೆಗಳು ಇನ್ನೊಂದು ಬಗೆಯ ಬೀಜಕಣಗಳನ್ನು ಹೊರಬಿಡುತ್ತವೆ. ಇವು ಬಂಡೆಗೋ ಕೊಂಬೆಗೋ ಬಲೆಗೋ ಅಂಟಿಕೊಂಡು ಮತ್ತೆ ಎಲೆಗಳಾಗುತ್ತವೆ.

ಬೇಸಿಗೆಯಲ್ಲಿ ನೋರಿ ಎಲ್ಲೂ ಹೋಗಿರಲಿಲ್ಲ. ಬೆಳೆಗಾರರು ದಿನವೂ ತುಳಿದು ಓಡಾಡುತ್ತಿದ್ದ ಚಿಪ್ಪುಗಳ ಒಳಗೇ ಇತ್ತು.

ಮ್ಯಾಂಚೆಸ್ಟರ್‌ನಿಂದ ಅರಿಯಾಕೆಗೆ

ಡ್ರೂ ಅವರ ಲೇಖನದ ಮಹತ್ವ ತಕ್ಷಣ ಹೊಳೆದದ್ದು ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದ ಪಾಚಿತಜ್ಞ ಸೊಕಿಚಿ ಸೆಗಾವಾ ಅವರಿಗೆ. ಇಬ್ಬರ ನಡುವೆ ಪತ್ರ ವ್ಯವಹಾರವಿತ್ತು. ಜಪಾನಿನ ನೋರಿಯೂ ಹೀಗೆಯೇ ಬದುಕುತ್ತದೆಯೇ ಎಂದು ಸೆಗಾವಾ ಪರೀಕ್ಷಿಸಿದರು. ಹೌದು, ಹೀಗೆಯೇ. ಕುಮಾಮೊಟೊ ಪ್ರಾಂತ್ಯದ ಮೀನುಗಾರಿಕಾ ಪ್ರಯೋಗ ಕೇಂದ್ರದಲ್ಲಿದ್ದ ಫುಸಾವೊ ಓಟಾ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಕೃಷಿಯ ವಿಧಾನವಾಗಿ ಮಾರ್ಪಡಿಸಿದರು. 1953ರ ಹೊತ್ತಿಗೆ ಬೀಜವನ್ನು ಮನುಷ್ಯರೇ ಸಿದ್ಧಪಡಿಸುವ ತಂತ್ರ ಕೈಗೆ ಸಿಕ್ಕಿತ್ತು.

ವಿಧಾನ ಸರಳ. ವಸಂತದಲ್ಲಿ ಸಿಂಪಿಯ ಚಿಪ್ಪುಗಳನ್ನು ನೀರಿನ ತೊಟ್ಟಿಯಲ್ಲಿಟ್ಟು ಅದರೊಳಗೆ ನೋರಿಯ ಬೀಜಕಣಗಳನ್ನು ಬಿಡುತ್ತಾರೆ. ಬೇಸಿಗೆಯಿಡೀ ಬೆಳಕು ಮತ್ತು ಉಷ್ಣತೆಯನ್ನು ಹದದಲ್ಲಿಟ್ಟು ನೋಡಿಕೊಳ್ಳುತ್ತಾರೆ. ಚಿಪ್ಪುಗಳು ಗುಲಾಬಿಯಾಗಿ, ಮುಂದೆ ಕಪ್ಪಗಾಗುತ್ತವೆ. ಶರತ್ಕಾಲದಲ್ಲಿ ಅವು ಬಿಡುವ ಕಣಗಳು ಬಲೆಗಳಿಗೆ ಅಂಟುವಂತೆ ಮಾಡುತ್ತಾರೆ. ಬಳಿಕ ಬಲೆಗಳು ಕಡಲಿಗೆ. ಕಡಲು ಬೀಜ ತರಲಿ ಎಂದು ಕಾಯುವ ಕಾಲ ಮುಗಿಯಿತು. ಮುಂದೆ ಬೀಜ ಹಿಡಿದ ಬಲೆಗಳನ್ನು ಶೀತಲಗೃಹದಲ್ಲಿ ಕಾಪಿಡುವುದನ್ನೂ ಕಲಿತರು. ಮೊದಲ ಬೆಳೆ ಹಾಳಾದರೆ ಕೈಯಲ್ಲಿ ಇನ್ನೊಂದು ಬಲೆ ಇರುತ್ತದೆ.

ಕೆಸರುಬಯಲಿನ ಕಾಣದ ತೋಟ

ಕುಮಾಮೊಟೊ ಇರುವುದು ಅರಿಯಾಕೆ ಸಮುದ್ರದ ದಡದಲ್ಲಿ. ಜಪಾನಿನಲ್ಲಿ ಅತಿ ಹೆಚ್ಚು ಉಬ್ಬರ-ಇಳಿತ ಇರುವುದು ಇಲ್ಲಿಯೇ. ಕೆಲವು ಕಡೆ ನೀರಿನ ಮಟ್ಟದಲ್ಲಿ ಸುಮಾರು 6 ಮೀಟರ್ ವ್ಯತ್ಯಾಸವಾಗುತ್ತದೆ. ಇಳಿತದ ವೇಳೆ ಕಣ್ಣು ಹಾಯಿಸಿದಷ್ಟು ದೂರ ಕೆಸರುಬಯಲು ತೆರೆದುಕೊಳ್ಳುತ್ತದೆ. ಜಪಾನಿನ ನೋರಿಯ ದೊಡ್ಡ ಪಾಲು ಬರುವುದು ಇಲ್ಲಿಂದಲೇ.

ನೋಡಲು ಬರಿಯ ಕೆಸರು. ಆದರೆ ಬಿಸಿಲಿಗೆ ಅದರ ಮೇಲ್ಮೈ ಕಂದುಬಣ್ಣಕ್ಕೆ ತಿರುಗುವುದನ್ನು ಗಮನಿಸಬಹುದು. ಅದಕ್ಕೆ ಕಾರಣ ಡಯಾಟಮ್‌ಗಳೆಂಬ ಏಕಕೋಶದ ಪಾಚಿಗಳು. ಗಾಜಿನಂಥ ಸಿಲಿಕಾ ಕವಚ ತೊಟ್ಟ ಇವು ನೀರು ಇಳಿದಾಗ ಕೆಸರಿನೊಳಗಿಂದ ಮೇಲಕ್ಕೆ ತೆವಳಿ ಬಿಸಿಲು ಕಾಯಿಸಿಕೊಂಡು ಆಹಾರ ತಯಾರಿಸುತ್ತವೆ. ನೀರು ಏರುವ ಮುನ್ನ ಮತ್ತೆ ಕೆಳಗಿಳಿಯುತ್ತವೆ. ತೆವಳುವಾಗ ಅವು ಸುರಿಸುವ ಲೋಳೆ ಕೆಸರಿನ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಅಲೆಗೆ ಕೆಸರು ಕೊಚ್ಚಿಹೋಗದಂತೆ ತಡೆಯುವುದರಲ್ಲಿ ಈ ಲೋಳೆಯ ಪಾಲೂ ಇದೆ. ಅರಿಯಾಕೆಯಲ್ಲಿ ಮುತ್ಸುಗೊರೊ ಎಂಬ ಹೆಸರಿನ, ಕೆಸರಿನ ಮೇಲೆ ಕುಪ್ಪಳಿಸುವ ಮೀನು ಇದೆ. ಅದರ ಮುಖ್ಯ ಆಹಾರವೇ ಈ ಡಯಾಟಮ್ ಪದರ. ಹಸು ಹುಲ್ಲು ಮೇಯುವಂತೆ ಅದು ಕೆಸರನ್ನು ಮೇಯುತ್ತದೆ.

ನೋರಿಯೂ ಇದೇ ಲಯಕ್ಕೆ ಹೊಂದಿಕೊಂಡ ಜೀವಿ. ಅರಿಯಾಕೆಯಲ್ಲಿ ಕೆಸರಿಗೆ ಕಂಬಗಳನ್ನು ನೆಟ್ಟು, ಬಲೆಗಳನ್ನು ಎತ್ತರ ನೋಡಿ ಕಟ್ಟುತ್ತಾರೆ. ಇಳಿತದಲ್ಲಿ ಬಲೆ ಗಾಳಿಗೆ ತೆರೆದುಕೊಳ್ಳಬೇಕು. ನೋರಿ ಈ ಒಣಗುವಿಕೆಯನ್ನು ತಾಳಿಕೊಳ್ಳುತ್ತದೆ. ಆದರೆ ಅದಕ್ಕೆ ಅಂಟಿಕೊಂಡು ಗುಣಮಟ್ಟ ಕೆಡಿಸುವ ಡಯಾಟಮ್‌ಗಳಿಗೆ, ರೋಗಾಣುಗಳಿಗೆ ಇದು ಅಷ್ಟು ಸುಲಭವಲ್ಲ. ಸಮುದ್ರವೇ ಕಳೆ ಕೀಳುವ ಕೆಲಸವನ್ನೂ ಮಾಡಿಕೊಡುತ್ತದೆ ಎನ್ನಬಹುದು.

ಹಾಗೆಂದು ಎಲ್ಲ ಸಮಸ್ಯೆಯೂ ಮುಗಿದಿಲ್ಲ. 1997ರಲ್ಲಿ ಅರಿಯಾಕೆಯ ಒಂದು ಭಾಗವಾದ ಇಸಾಹಾಯಾ ಕೊಲ್ಲಿಗೆ ಸುಮಾರು 7 ಕಿಲೋಮೀಟರ್ ಉದ್ದದ ತಡೆಗೋಡೆ ಕಟ್ಟಿ ದೊಡ್ಡ ಕೆಸರುಬಯಲನ್ನು ಸಮುದ್ರದಿಂದ ಬೇರ್ಪಡಿಸಲಾಯಿತು. 2000-01ರ ಚಳಿಗಾಲದಲ್ಲಿ ನೀರಿನಲ್ಲಿ ತೇಲುವ ಡಯಾಟಮ್‌ಗಳು ವಿಪರೀತ ಹೆಚ್ಚಿ ನೋರಿಗೆ ಬೇಕಾದ ಪೋಷಕಾಂಶಗಳನ್ನು ಕಬಳಿಸಿದವು. ಬಲೆಗಳ ಮೇಲಿನ ನೋರಿ ಬಣ್ಣಗೆಟ್ಟು ಭಾರಿ ನಷ್ಟವಾಯಿತು. ಇದಕ್ಕೆ ತಡೆಗೋಡೆಯೇ ಕಾರಣ ಎಂದು ಬೆಳೆಗಾರರು ಬೀದಿಗಿಳಿದರು. ಎಷ್ಟರ ಮಟ್ಟಿಗೆ ಅದು ಕಾರಣ ಎಂಬ ವಾದ ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ನಡೆಯಿತು. ಬೀಜ ನಮ್ಮ ಕೈಯಲ್ಲಿದ್ದರೂ ಬೆಳೆ ನಿಲ್ಲಲು ಕಡಲು ಆರೋಗ್ಯವಾಗಿರಬೇಕು ಎಂಬುದನ್ನು ಆ ವರ್ಷ ತೋರಿಸಿಕೊಟ್ಟಿತು.

ಒಂದೆರಡು ತಪ್ಪು ತಿಳಿವಳಿಕೆಗಳು

ಡ್ರೂ ಅವರ ಬಗ್ಗೆ ಜಾಲತಾಣಗಳಲ್ಲಿ ಓಡಾಡುವ ಕಥೆಗಳಲ್ಲಿ ಕೆಲವು ಉತ್ಪ್ರೇಕ್ಷೆಗಳಿವೆ. ಅವರು ಒಬ್ಬರೇ ಜಪಾನಿನ ನೋರಿಯನ್ನು ಉಳಿಸಿದರು ಎಂಬುದು ಅವುಗಳಲ್ಲಿ ಒಂದು. ಅವರು ತೋರಿಸಿದ್ದು ಬ್ರಿಟನ್‌ನ ಪ್ರಭೇದವೊಂದರ ಬೀಜಕಣ ಚಿಪ್ಪಿನೊಳಗೆ ಹೋಗಿ ಬೇರೆ ರೂಪ ತಾಳುತ್ತದೆ ಎಂಬುದನ್ನು. ಅದನ್ನು ನೋರಿಗೆ ಅನ್ವಯಿಸಿ, ಚಿಪ್ಪಿನಿಂದ ಬಲೆಯವರೆಗಿನ ದಾರಿಯನ್ನು ಪೂರ್ಣಗೊಳಿಸಿದವರು ಜಪಾನಿನ ವಿಜ್ಞಾನಿಗಳು ಮತ್ತು ಬೆಳೆಗಾರರು. ಇದರಿಂದ ಡ್ರೂ ಅವರ ಹಿರಿಮೆ ಕಡಿಮೆಯಾಗುವುದಿಲ್ಲ. ವಿಜ್ಞಾನ ಸಾಮಾನ್ಯವಾಗಿ ನಡೆಯುವುದೇ ಹೀಗೆ, ಒಬ್ಬರು ಬಿಚ್ಚಿದ ಗಂಟಿನ ತುದಿಯನ್ನು ಇನ್ನೊಬ್ಬರು ಹಿಡಿದು ಎಳೆಯುತ್ತಾರೆ.

ಇನ್ನೊಂದು, ಅವರು ನೋರಿ ಉದ್ಯಮಕ್ಕೆ ನೆರವಾಗಲೆಂದೇ ಈ ಸಂಶೋಧನೆ ಕೈಗೊಂಡರು ಎಂಬುದು. ಅವರು ಹುಡುಕುತ್ತಿದ್ದದ್ದು ಪಾಚಿಯೊಂದರ ಜೀವನಚಕ್ರ ಏನೆಂಬ ಪ್ರಶ್ನೆಗೆ ಉತ್ತರವನ್ನಷ್ಟೇ. ಅದರಿಂದ ಯಾರಿಗೆ ಏನು ಲಾಭ ಎಂದು ಆಗ ಯಾರಾದರೂ ಕೇಳಿದ್ದರೆ ಹೇಳಿಕೊಳ್ಳುವಂಥ ಉತ್ತರ ಸಿಗುತ್ತಿರಲಿಲ್ಲ. ಇಂಥ ಸಂಶೋಧನೆಯಿಂದ ಏನು ಉಪಯೋಗ ಎಂದು ಇಂದಿಗೂ ಕೇಳುವವರಿಗೆ ಈ ಕಥೆ ಒಂದು ಉತ್ತರ.

ಅಂದಹಾಗೆ, ಪೋರ್ಫೈರಾದ ನೆಂಟರು ನಮ್ಮ ಪಶ್ಚಿಮ ಕರಾವಳಿಯಲ್ಲೂ ಇದ್ದಾರೆ. ಪೋರ್ಫೈರಾ ವಿಯೆಟ್ನಾಮೆನ್ಸಿಸ್ ಎಂದು ಹೆಸರಾದ ಪಾಚಿ ಗೋವಾ ಮತ್ತು ಕೊಂಕಣ ತೀರದ ಬಂಡೆಗಳ ಮೇಲೆ ಮಳೆಗಾಲದಲ್ಲಿ ಕಾಣಿಸಿಕೊಂಡು, ಮಳೆ ಮುಗಿದ ಮೇಲೆ ಮರೆಯಾಗುತ್ತದೆ. ಕಾಣದಿರುವಾಗ ಅದರ ಗುಂಪಿನ ಜೀವಿಗಳು ಎಲ್ಲಿರುತ್ತವೆ ಎಂಬುದು ಈಗ ನಿಮಗೂ ಗೊತ್ತು.

ಕಡಲ ತಾಯಿ

1952ರಲ್ಲಿ ಬ್ರಿಟನ್‌ನ ಪಾಚಿತಜ್ಞರ ಸಂಘ, ಬ್ರಿಟಿಷ್ ಫೈಕಲಾಜಿಕಲ್ ಸೊಸೈಟಿ, ಹುಟ್ಟಿಕೊಂಡಿತು. ಅದನ್ನು ಕಟ್ಟಿದವರಲ್ಲಿ ಡ್ರೂ ಒಬ್ಬರು, ಅದರ ಮೊದಲ ಅಧ್ಯಕ್ಷರೂ ಅವರೇ. ಐದು ವರ್ಷಗಳ ನಂತರ, 1957ರ ಸೆಪ್ಟೆಂಬರ್ 14ರಂದು, ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ 55 ವರ್ಷ. ಜಪಾನಿನ ನೋರಿ ಕೃಷಿ ಆ ಹೊತ್ತಿಗೆ ಚೇತರಿಸಿಕೊಳ್ಳುತ್ತಿತ್ತು. ಅದು ದೊಡ್ಡ ಉದ್ಯಮವಾಗಿ ಬೆಳೆದದ್ದನ್ನು ನೋಡಲು ಅವರು ಉಳಿಯಲಿಲ್ಲ.

1963ರಲ್ಲಿ ಕುಮಾಮೊಟೊ ಪ್ರಾಂತ್ಯದ ಊಟೊ ಎಂಬಲ್ಲಿ, ಅರಿಯಾಕೆ ಸಮುದ್ರ ಕಾಣುವ ಜಾಗದಲ್ಲಿ, ನೋರಿ ಬೆಳೆಗಾರರು ಅವರಿಗೊಂದು ಸ್ಮಾರಕ ಕಟ್ಟಿದರು. ಅಲ್ಲಿನವರು ಅವರನ್ನು ಕಡಲ ತಾಯಿ ಎಂದು ಕರೆಯುತ್ತಾರೆ. ಪ್ರತಿವರ್ಷ ಏಪ್ರಿಲ್ 14ರಂದು ಅಲ್ಲಿ ಸೇರಿ ಅವರಿಗೆ ಗೌರವ ಸಲ್ಲಿಸುತ್ತಾರೆ. ಆ ಹೊತ್ತಿಗೆ ಚಳಿಗಾಲದ ಬೆಳೆ ಮುಗಿಯುತ್ತ ಬಂದಿರುತ್ತದೆ. ಮುಂದಿನ ಬೆಳೆಯ ಬೀಜ ಚಿಪ್ಪಿನೊಳಗೆ ಇಳಿಯುವ ಕಾಲವೂ ಅದೇ.